ರವಿವರ್ಮನ ಹನ್ನೊಂದು ಹೆಂಗಸರನ್ನು ಮತ್ತೆ ಬಿಡಿಸುವುದು ಹೇಗೆ? ಬಿಡಿಸಬೇಕೇ?

ಬಣ್ಣದ ಡಬ್ಬಿ (ಮೈಸೂರು)

ಒಂದು ಕೆಲಸ ಒಪ್ಪಿಕೊಂಡಿದ್ದೇನೆ, ಈಗ ಕೈ ಓಡುತ್ತಿಲ್ಲ. ಬಲ್ಲವರು ದಾರಿ ತೋರಿಸಬೇಕು.

ನಮ್ಮೂರಿನ ಸಂಗೀತ ಶಾಲೆಯೊಂದು ತನ್ನ ಸಭಾಂಗಣಕ್ಕೆ ದೊಡ್ಡ ತೈಲಚಿತ್ರ ಕೇಳಿದೆ. ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ‘ಗ್ಯಾಲಕ್ಸಿ ಆಫ್ ಮ್ಯೂಸಿಷಿಯನ್ಸ್’ ನೋಡಿರುತ್ತೀರಿ. ಬೇರೆ ಬೇರೆ ಪ್ರಾಂತದ ಹನ್ನೊಂದು ಮಂದಿ ಹೆಂಗಸರು ಒಂದೇ ಚೌಕಟ್ಟಿನಲ್ಲಿ ಕುಳಿತು, ನಿಂತು ಇರುವ ಚಿತ್ರ. ಅದೇ ಬೇಕಂತೆ, ಆದರೆ ಮುಖಗಳು ಮಾತ್ರ ಅವರ ಶಾಲೆಯ ಶಿಕ್ಷಕಿಯರದ್ದೂ ವಿದ್ಯಾರ್ಥಿನಿಯರದ್ದೂ ಆಗಬೇಕಂತೆ. ಮುಂಗಡವೂ ಕೈಗೆ ಬಂದಿದೆ.

ಚೌಕ ಎಳೆದು ಮೂಲವನ್ನು ಹಾಗೆಯೇ ಇಳಿಸುವುದು ನನಗೆ ಹೊಸದಲ್ಲ. ಇಷ್ಟು ವರ್ಷ ಹೊಟ್ಟೆ ಹೊರೆದದ್ದೇ ಆ ಕೆಲಸದಿಂದ. ಆದರೆ ರವಿವರ್ಮನ ಹೆಂಗಸರ ಕತ್ತಿನ ಮೇಲೆ ಬೇರೆಯವರ ಮುಖ ಕೂರಿಸಿದರೆ ಜಾತ್ರೆಯ ಸ್ಟುಡಿಯೊದಲ್ಲಿ ಕಟೌಟಿನ ತೂತಿಗೆ ತಲೆ ತೂರಿಸಿ ಫೋಟೊ ತೆಗೆಸಿಕೊಂಡ ಹಾಗಾಗುತ್ತದೆ. ಪಿಕಾಸೊ, ಬ್ರಿಟಿಷ್ ಚಿತ್ರಕಾರ ಬೇಕನ್‌ರಂಥವರು ಹಳೆಯ ಚಿತ್ರಗಳನ್ನು ಎತ್ತಿಕೊಂಡು ತಮ್ಮದಾಗಿಸಿಕೊಂಡರು ಎನ್ನುತ್ತಾರೆ. ಅವರು ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು? ನಾನು ಈ ಚಿತ್ರದಲ್ಲಿ ಏನನ್ನು ಬಿಡಬಹುದು? ಹಾಗೆಯೇ ಕಾನೂನಿನ ತೊಡಕೇನಾದರೂ ಇದೆಯೇ ತಿಳಿಸಿ.

ನೇರ ಮಾತು

ಬಿಡಬಹುದಾದದ್ದು ಒಂದೇ, ಆ ಕೆಲಸ. ಮುಂಗಡ ವಾಪಸು ಮಾಡಿ.

ಸಿಟ್ಟಾಗಬೇಡಿ. ರವಿವರ್ಮನ ಹೆಸರು ಇಲ್ಲದಿದ್ದರೆ ಆ ಶಾಲೆಯವರು ನಿಮ್ಮ ಚಿತ್ರಕ್ಕೆ ಗೋಡೆ ಕೊಡುತ್ತಿದ್ದರೇ? ಪ್ರಸಿದ್ಧ ಚಿತ್ರದ ‘ನನ್ನ ಆವೃತ್ತಿ’ ಎನ್ನುವವರೆಲ್ಲ ಮಾಡುವುದು ಇಷ್ಟೇ. ಸಂಯೋಜನೆಗೆ ತಲೆ ಕೆಡಿಸಿಕೊಂಡವನು ಒಬ್ಬ, ಹೆಸರು ಮಾಡಿದವನೂ ಅವನೇ, ಫಲ ಉಣ್ಣುವವರು ಬೇರೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ರಾಮಾಯಣದ ಕವಿಗಳ ಭಾರಕ್ಕೆ ಫಣಿರಾಯ ತಿಣುಕಿದನಂತೆ. ಈಗ ಮೋನಾಲಿಸಾಗಳ ಭಾರಕ್ಕೆ ನನ್ನ ಮೊಬೈಲ್ ತಿಣುಕುತ್ತಿದೆ.

ಬಳಪದ ಮೇಷ್ಟ್ರು (ಧಾರವಾಡ)

ನೇರ ಮಾತು ಅವರೇ, ಫಣಿರಾಯನನ್ನು ಕರೆದದ್ದು ಒಳ್ಳೆಯದೇ ಆಯಿತು. ಹಾಗೆ ಗೊಣಗಿದ ಕವಿಯೂ ಕೊನೆಗೆ ಬರೆದದ್ದು ಹಳೆಯ ಭಾರತದ ಕಥೆಯನ್ನೇ, ಮರೆಯಬೇಡಿ.

ಡಬ್ಬಿಯವರ ಪ್ರಶ್ನೆಗೆ ಬರುತ್ತೇನೆ. ಪಿಕಾಸೊ ಏನು ಮಾಡಿದ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ‘ಒಡೆದು ಕಟ್ಟಿದ’ ಎಂದು ಹೇಳಿ ಕೈ ತೊಳೆದುಕೊಳ್ಳುವವರೇ ಹೆಚ್ಚು.

ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್‌ನ ‘ಲಾಸ್ ಮೆನಿನಾಸ್’ 1656ರದ್ದು. ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಪುಟ್ಟ ರಾಜಕುಮಾರಿ, ಆಕೆಯ ಸಖಿಯರು, ಕುಬ್ಜರು, ಮಲಗಿದ ನಾಯಿ, ಎಡಗಡೆ ದೊಡ್ಡ ಕ್ಯಾನ್ವಾಸಿನ ಮುಂದೆ ನಿಂತ ಸ್ವತಃ ವೆಲಾಸ್ಕೆಸ್, ಹಿಂಗೋಡೆಯ ಕನ್ನಡಿಯಲ್ಲಿ ರಾಜರಾಣಿಯರು. ಪಿಕಾಸೊ ಹುಡುಗನಾಗಿದ್ದಾಗಲೇ ಅದನ್ನು ಕಂಡಿದ್ದ. ಅದಕ್ಕೆ ಕೈ ಹಾಕಿದ್ದು 75ನೆಯ ವಯಸ್ಸಿನಲ್ಲಿ, 1957ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ಕಾನ್ ಪಟ್ಟಣದ ತನ್ನ ಮನೆಯಲ್ಲಿ. ಡಿಸೆಂಬರ್ ಮುಗಿಯುವಷ್ಟರಲ್ಲಿ ಆ ಸರಣಿಯ ಕ್ಯಾನ್ವಾಸುಗಳು 58 ಆಗಿದ್ದವು. ಈಗ ಎಲ್ಲವೂ ಬಾರ್ಸಿಲೋನಾದ ಪಿಕಾಸೊ ಮ್ಯೂಸಿಯಂನಲ್ಲಿ ಒಟ್ಟಿಗೆ ಇವೆ.

ಮೊದಲನೆಯದನ್ನೇ ನೋಡಿ. ಮೂಲ ಚಿತ್ರ ನಿಂತ ಆಯತ, ಮೂರು ಮೀಟರಿಗೂ ಹೆಚ್ಚು ಎತ್ತರ. ಪಿಕಾಸೊ ಅದನ್ನು ಮಲಗಿಸಿದ: 194 ಸೆಂಟಿಮೀಟರ್ ಎತ್ತರ, 260 ಅಗಲ. ಬಣ್ಣ ತೆಗೆದು ಬೂದು, ಕಪ್ಪು, ಬಿಳಿಯಲ್ಲಿ ಬರೆದ. ಮೂಲದಲ್ಲಿ ಮೇಲ್ಛಾವಣಿಯ ಕತ್ತಲೆಯಲ್ಲಿ ದೀಪ ತೂಗುಹಾಕುವ ಕೊಕ್ಕೆಗಳಿವೆ, ಹುಡುಕಿದರೆ ಮಾತ್ರ ಕಾಣುತ್ತವೆ. ಪಿಕಾಸೊನಲ್ಲಿ ಅವು ಎದ್ದು ಕಣ್ಣಿಗೆ ಹೊಡೆಯುತ್ತವೆ. ಮುಚ್ಚಿದ್ದ ಕಿಟಕಿಗಳು ತೆರೆದುಕೊಂಡಿವೆ. ಮೂಲದಲ್ಲಿ ಬದಿಗೆ ನಿಂತಿದ್ದ ಚಿತ್ರಕಾರ ಇಲ್ಲಿ ಸೂರು ಮುಟ್ಟುವಷ್ಟು ಬೆಳೆದಿದ್ದಾನೆ. ರಾಜಮನೆತನದ ಆ ದೊಡ್ಡ ನಾಯಿ ಹೋಗಿ ಪಿಕಾಸೊನ ಮನೆಯಲ್ಲಿ ಓಡಾಡಿಕೊಂಡಿದ್ದ ಲಂಪ್ ಎಂಬ ಡ್ಯಾಶ್‌ಹುಂಡ್ ಬಂದಿದೆ, ಉದ್ದ ಮೈ, ಗಿಡ್ಡ ಕಾಲು.

ಇಷ್ಟೆಲ್ಲ ಬದಲಾದರೂ ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅವನು ಬಿಡಲಿಲ್ಲ. ಮೂಲ ನೋಡಿದವರಿಗೆ ಒಂದು ಕ್ಷಣಕ್ಕೇ ಗುರುತು ಹತ್ತುತ್ತದೆ. ಡಬ್ಬಿಯವರೇ, ನೀವು ಉಳಿಸಬೇಕಾದ ಎಲುಬು ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ. ಮುಖದ ಮಾತು ಆಮೇಲೆ.

ನೇರ ಮಾತು

> 58 ಕ್ಯಾನ್ವಾಸುಗಳು

ಪಿಕಾಸೊ ಆಗಿದ್ದರಿಂದ ನಡೆಯಿತು ಮೇಷ್ಟ್ರೇ. ಫ್ರೆಂಚ್ ಕಲಾವಿದ ದೆಲಾಕ್ರ್ವಾನ ‘ಅಲ್ಜಿಯರ್ಸ್‌ನ ಹೆಂಗಸರು’ ಚಿತ್ರವನ್ನೂ ಅವನು 1954–55ರಲ್ಲಿ ಹದಿನೈದು ಸಲ ಬರೆದ. ಅದರ ಕೊನೆಯದು 2015ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಸುಮಾರು 17.9 ಕೋಟಿ ಡಾಲರಿಗೆ ಹೋಯಿತು. ಅದೇ ಚಿತ್ರವನ್ನು ಮಂಡ್ಯದವರೊಬ್ಬರು ಬರೆದಿದ್ದರೆ ಚೌಕಟ್ಟಿನ ಖರ್ಚೂ ಹುಟ್ಟುತ್ತಿರಲಿಲ್ಲ.

ಬಳಪದ ಮೇಷ್ಟ್ರು (ಧಾರವಾಡ)

ಹಾಗಿದ್ದರೆ ಯಾರೂ ಕೊಳ್ಳದವನ ಉದಾಹರಣೆ ತೆಗೆದುಕೊಳ್ಳಿ. 1889ರ ಮೇ ತಿಂಗಳಲ್ಲಿ ವ್ಯಾನ್ ಗಾಗ್ ಸಾಂ ರೆಮಿಯ ಮಾನಸಿಕ ಆಸ್ಪತ್ರೆ ಸೇರಿದ. ಮೈ ಸರಿಯಿಲ್ಲದೆ ಹೊರಗೆ ಹೋಗಲಾಗದ ದಿನಗಳಲ್ಲಿ ಅವನ ಕೈಗೆ ಸಿಕ್ಕಿದ್ದು ಫ್ರೆಂಚ್ ಕಲಾವಿದ ಮಿಲೆಯ ಚಿತ್ರಗಳ ಕಪ್ಪು ಬಿಳುಪು ಮುದ್ರಣಗಳು. ಅವುಗಳನ್ನು ನೋಡಿ 20ಕ್ಕೂ ಹೆಚ್ಚು ಚಿತ್ರ ಬರೆದ. ಮುದ್ರಣದಲ್ಲಿ ಬಣ್ಣವೇ ಇರಲಿಲ್ಲ, ಆದ್ದರಿಂದ ಬಣ್ಣವೆಲ್ಲ ಇವನದೇ. ಬೀಥೋವನ್‌ನ ರಚನೆಯನ್ನು ನುಡಿಸುವವನು ತನ್ನದೊಂದು ಬಗೆಯನ್ನು ಅದಕ್ಕೆ ಸೇರಿಸುವಂತೆ ತಾನೂ ಮಾಡುತ್ತಿದ್ದೇನೆ ಎಂಬ ಅರ್ಥದಲ್ಲಿ ತಮ್ಮ ಥಿಯೊಗೆ ಪತ್ರ ಬರೆದಿದ್ದಾನೆ.

ಅದರಲ್ಲಿ ‘ಮೊದಲ ಹೆಜ್ಜೆಗಳು’ ಎಂಬ ಚಿತ್ರವಿದೆ. ತೋಟದಲ್ಲಿ ತಾಯಿ ಮಗುವನ್ನು ಹಿಡಿದು ನಿಲ್ಲಿಸಿದ್ದಾಳೆ, ಎದುರಿಗೆ ತಂದೆ ಸಲಿಕೆ ಪಕ್ಕಕ್ಕಿಟ್ಟು ಮಂಡಿಯೂರಿ ಕೈ ಚಾಚಿದ್ದಾನೆ. ಮಿಲೆಯ ಚಿತ್ರದ ಫೋಟೊದ ಮೇಲೆ ಚೌಕ ಎಳೆದು ಕ್ಯಾನ್ವಾಸಿಗೆ ಇಳಿಸಿಕೊಂಡದ್ದು, ನಮ್ಮ ಡಬ್ಬಿಯವರ ಹಾಗೆಯೇ. ಅದು 1890ರ ಜನವರಿ. ಥಿಯೊನ ಹೆಂಡತಿಗೆ ಆಗ ದಿನ ತುಂಬಿತ್ತು. ಅದನ್ನು ನಕಲು ಎಂದು ನೀವು ತಳ್ಳಿಹಾಕುತ್ತೀರಾ?

ಹೊಸಬ

ಬೇಕನ್ ಬಗ್ಗೆಯೂ ಯಾರಾದರೂ ಹೇಳಿ. ಕಿರುಚುವ ಪೋಪ್ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಬಳಪದ ಮೇಷ್ಟ್ರು (ಧಾರವಾಡ)

ಅದೂ ವೆಲಾಸ್ಕೆಸ್‌ನದೇ ಮೂಲ, 1650ರ ಪೋಪ್ ಹತ್ತನೆಯ ಇನೊಸೆಂಟ್ ಭಾವಚಿತ್ರ. ಬೇಕನ್‌ನ ಪ್ರಸಿದ್ಧ ಚಿತ್ರ 1953ರದ್ದು. ಮುದ್ರಿತ ಪ್ರತಿಗಳನ್ನು ನೋಡಿಕೊಂಡೇ ಬರೆದ. ಮರುವರ್ಷ ರೋಮ್‌ಗೆ ಹೋದಾಗಲೂ ಮೂಲವನ್ನು ನೋಡಲು ಹೋಗಲಿಲ್ಲ. ಆದರೆ ಡಬ್ಬಿಯವರು ಹಾಗೆ ಮಾಡಬೇಕಾಗಿಲ್ಲ, ಅವರಿಗೆ ಜಗನ್ಮೋಹನ ಅರಮನೆ ಊರೊಳಗೇ ಇದೆ.

ಘಾಟ್‌ಕೋಪರ್ ಕನ್ನಡತಿ (ಮುಂಬೈ)

ನೀವೆಲ್ಲ ಯುರೋಪು ಸುತ್ತುತ್ತಿದ್ದೀರಿ. ಇದೇ ‘ಗ್ಯಾಲಕ್ಸಿ’ಯನ್ನು ಭಾರತದ ದೊಡ್ಡ ಕಲಾವಿದೆಯೊಬ್ಬರು ಈಗಾಗಲೇ ಎತ್ತಿಕೊಂಡಿದ್ದಾರೆ. ನಳಿನಿ ಮಲಾನಿ, 2003, ‘ಯೂನಿಟಿ ಇನ್ ಡೈವರ್ಸಿಟಿ’ ಎಂಬ ವಿಡಿಯೊ ಕೃತಿ.

ಒಂದು ಮಧ್ಯಮ ವರ್ಗದ ಮನೆಯ ಹಜಾರದಂಥ ಕೋಣೆ. ಕೆಂಪು ಗೋಡೆ, ದೀಪಗಳು, ಚೌಕಟ್ಟು ಹಾಕಿದ ಹಳೆಯ ಫೋಟೊಗಳು. ಅವುಗಳ ನಡುವೆ ಗೋಡೆಯ ಚಿತ್ರದಂತೆ ವಿಡಿಯೊ ಓಡುತ್ತದೆ. ರವಿವರ್ಮನ ಸಂಗೀತಗಾರ್ತಿಯರು ಕಾಣುತ್ತಾರೆ, ವಾದ್ಯಗಳು ಕೇಳುತ್ತವೆ. ಗುಂಡಿನ ಸದ್ದು ಬರುತ್ತದೆ. ಆಮೇಲೆ ಆ ಹೆಂಗಸರು ಮೊದಲಿನ ಹೆಂಗಸರಲ್ಲ. 2002ರ ಗುಜರಾತ್ ಹಿಂಸೆಯ ಬೆನ್ನಲ್ಲೇ ಮಾಡಿದ ಕೃತಿ ಅದು. ರವಿವರ್ಮ ಎಲ್ಲ ಪ್ರಾಂತದ ಹೆಂಗಸರನ್ನು ಕೂರಿಸಿ ಒಂದು ದೇಶವನ್ನು ಕಲ್ಪಿಸಿಕೊಂಡನಲ್ಲ, ಆ ಕಲ್ಪನೆಗೆ ಏನಾಯಿತು ಎಂದು ಅದೇ ಚಿತ್ರವನ್ನು ಹಿಡಿದುಕೊಂಡು ಕೇಳುತ್ತಾರೆ. ಹೊಸದಾಗಿ ಇನ್ನೊಂದು ಚಿತ್ರ ಬರೆದು ಆ ಪ್ರಶ್ನೆ ಕೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ. ನೇರ ಮಾತು ಅವರಿಗೆ ಇದೇ ನನ್ನ ಉತ್ತರ. ಹಳೆಯ ಚಿತ್ರವೇ ಬೇಕಾಗುವ ಮಾತುಗಳೂ ಇರುತ್ತವೆ.

ಅಂದ ಹಾಗೆ ನಾನಿರುವ ಘಾಟ್‌ಕೋಪರ್‌ನಲ್ಲೇ 1894ರಲ್ಲಿ ರವಿವರ್ಮನ ಮುದ್ರಣಾಲಯ ಶುರುವಾದದ್ದು. ಆಮೇಲೆ ಲೋನಾವಳದ ಹತ್ತಿರದ ಮಳವಳಿಗೆ ಹೋಯಿತು. ನಿಮ್ಮ ಮಂಡ್ಯದ ಮಳವಳ್ಳಿಯಲ್ಲ.

ಅನಾಮಿಕ

ಕಲೆಯಲ್ಲಿ ರಾಜಕೀಯ ತುರುಕುವವರಿಗೆ ರವಿವರ್ಮನೇ ಬೇಕಾಗಿತ್ತೇ? ಗುಜರಾತ್ ಬಗ್ಗೆ ಮಾತಾಡುವವರು ಬೇರೆ ಗಲಭೆಗಳ ಬಗ್ಗೆ

ನಿರ್ವಾಹಕ

ಮೇಲಿನ ಪ್ರತಿಕ್ರಿಯೆಯ ಉಳಿದ ಭಾಗ ತೆಗೆಯಲಾಗಿದೆ. ಚಿತ್ರದ ಬಗ್ಗೆ ಎಷ್ಟು ಬೇಕಾದರೂ ಜಗಳವಾಡಿ, ಪಕ್ಷಗಳ ಜಗಳಕ್ಕೆ ಬೇರೆ ಎಳೆ ಇದೆ.

ಬಣ್ಣದ ಡಬ್ಬಿ (ಮೈಸೂರು)

ಕನ್ನಡತಿ ಮೇಡಂ, ಇದು ಗೊತ್ತೇ ಇರಲಿಲ್ಲ. ನಮ್ಮೂರಿನ ಚಿತ್ರಕ್ಕೆ ಇಷ್ಟೆಲ್ಲ ಆಗಿದೆ, ನಾನು ಟಿಕೆಟ್ ಕೊಂಡು ಒಳಗೆ ಹೋಗಿ ಬರೀ ಸೀರೆಯ ಮಡಿಕೆ ನೋಡಿಕೊಂಡು ಬರುತ್ತಿದ್ದೆ.

ನಿನ್ನೆ ಮತ್ತೆ ಹೋಗಿ ಚಿತ್ರದ ಮುಂದೆ ನಿಂತಿದ್ದೆ. ಈ ಸಲ ಕಣ್ಣುಗಳನ್ನು ಮಾತ್ರ ಹಿಂಬಾಲಿಸಿದೆ. ಹನ್ನೊಂದು ಮಂದಿಯಲ್ಲಿ ಒಬ್ಬರೂ ಮನಸ್ಸಿಟ್ಟು ಇನ್ನೊಬ್ಬರನ್ನು ನೋಡುತ್ತಿಲ್ಲ. ಕೇರಳದ ಹೆಂಗಸು ಮುಂದೆ ಕುಳಿತು ವೀಣೆ ಹಿಡಿದಿದ್ದಾಳೆ, ಹಿಂದೆ ಪಾರ್ಸಿ ಸೀರೆಯವಳು, ಟೋಪಿ ಬೀಸಣಿಗೆಯ ಆಂಗ್ಲೋ ಇಂಡಿಯನ್ ಮಹಿಳೆ. ಒಬ್ಬೊಬ್ಬರೂ ಬೇರೆ ಬೇರೆ ದಿನ ಬಂದು ಕುಳಿತು ಎದ್ದುಹೋದ ಹಾಗಿದ್ದಾರೆ. ಸಂಗೀತಗಾರ್ತಿಯರ ಗುಂಪು ಎನ್ನುತ್ತೇವೆ, ಆದರೆ ಯಾರ ಕೈಯ ಕಡೆಗೂ ಯಾರ ಕಿವಿಯೂ ಇಲ್ಲ. ಕಚೇರಿಯಲ್ಲಿ ಹಾಗಿರುವುದಿಲ್ಲವಲ್ಲ. ಮೃದಂಗದವರು ಹಾಡುವವರ ಮುಖವನ್ನೇ ನೋಡುತ್ತಿರುತ್ತಾರೆ.

ಬಳಪದ ಮೇಷ್ಟ್ರು (ಧಾರವಾಡ)

ಅಲ್ಲೇ ಹಿಡಿಯಿರಿ. ನಿಮ್ಮ ಆವೃತ್ತಿ ಆ ಕಣ್ಣುಗಳಲ್ಲಿದೆ.

ರವಿವರ್ಮ ಹಾಗೇಕೆ ಮಾಡಿದ ಎಂಬುದಕ್ಕೂ ಒಂದು ಹಿನ್ನೆಲೆಯಿದೆ. ಬರೋಡಾ ಮಹಾರಾಜರು ಹದಿನಾಲ್ಕು ಪೌರಾಣಿಕ ಚಿತ್ರ ಬರೆದುಕೊಡಲು ಕೇಳಿದಾಗ, ಪುರಾಣದ ಹೆಂಗಸರಿಗೆ ಯಾವ ಉಡುಪು ತೊಡಿಸಬೇಕೆಂದು ತಿಳಿಯಲು ಅವನು ತಮ್ಮ ರಾಜರಾಜವರ್ಮನ ಜೊತೆ ಉತ್ತರ ಭಾರತವನ್ನೆಲ್ಲ ಸುತ್ತಿದ. ‘ಗ್ಯಾಲಕ್ಸಿ’ ಸುಮಾರು 1889ರದ್ದು, ಅದೇ ಕಾಲದ್ದು. ಆಗ ಅವನ ತಲೆಯಲ್ಲಿದ್ದದ್ದು ಉಡುಪು, ಒಡವೆ, ಪ್ರಾಂತ. ಸಂಗೀತ ಒಂದು ನೆಪ. ನಿಮಗೆ ಕೆಲಸ ಕೊಟ್ಟವರು ಸಂಗೀತದವರು. ಅವನು ನೆಪ ಮಾಡಿಕೊಂಡದ್ದನ್ನು ನೀವು ವಿಷಯ ಮಾಡಿಕೊಳ್ಳಬಹುದು.

ಹಡ್ಸನ್ ದಂಡೆ (ನ್ಯೂಜೆರ್ಸಿ)

ಮುಖ ಬದಲಿಸುವುದನ್ನು ಎಲ್ಲರೂ ಕೀಳಾಗಿ ಕಾಣುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಬ್ರೂಕ್ಲಿನ್ ಮ್ಯೂಸಿಯಂನಲ್ಲಿ ಕೆಹಿಂಡೆ ವೈಲಿ ಎಂಬ ಕಪ್ಪು ಕಲಾವಿದನ 2005ರ ದೊಡ್ಡ ಚಿತ್ರವಿದೆ. ದಾವೀದ್ 1801ರಲ್ಲಿ ಬರೆದ ‘ಆಲ್ಪ್ಸ್ ದಾಟುತ್ತಿರುವ ನೆಪೋಲಿಯನ್’ ಅದರ ಮೂಲ. ಕುದುರೆ ಅದೇ, ಮುಂಗಾಲೆತ್ತಿದ ಭಂಗಿ ಅದೇ, ಗಾಳಿಗೆ ಹಾರುವ ವಸ್ತ್ರ ಅದೇ. ಸವಾರ ಮಾತ್ರ ಇಂದಿನ ಕಪ್ಪು ಯುವಕ, ಸೈನಿಕರ ಬಣ್ಣದ ಬಟ್ಟೆ, ಕಾಲಿಗೆ ಬೂಟು. ಹಿಂದೆ ಬೆಟ್ಟದ ಬದಲು ಅರಮನೆಯ ಗೋಡೆಗೆ ಹಾಸಿದಂಥ ಕೆಂಪು ಬಂಗಾರದ ಬಳ್ಳಿ ವಿನ್ಯಾಸ. ಮೂಲದಲ್ಲಿ ಕೆಳಗಿನ ಬಂಡೆಗಳ ಮೇಲೆ ಬೋನಾಪಾರ್ಟ್, ಹ್ಯಾನಿಬಲ್ ಮುಂತಾದ ಹೆಸರು ಕೆತ್ತಿವೆ. ವೈಲಿ ಅವುಗಳ ಜೊತೆಗೆ ‘ವಿಲಿಯಮ್ಸ್’ ಎಂದು ಸೇರಿಸಿದ್ದಾನೆ. ಅಮೆರಿಕದ ಕಪ್ಪು ಜನರಲ್ಲಿ ಬಹಳ ಸಾಮಾನ್ಯವಾದ ಕುಲನಾಮ ಅದು. ಆ ಒಂದು ಹೆಸರಿಗಾಗಿಯೇ ನಾನು ಮತ್ತೆ ಹೋಗಿ ನೋಡಿದ್ದೇನೆ.

ಅಲ್ಲಿ ಮುಖ ಬದಲಿಸುವುದೇ ಇಡೀ ಕೃತಿ. ಯಾರನ್ನು ಕುದುರೆಯ ಮೇಲೆ ಕೂರಿಸಿ ಬರೆಯುತ್ತಾರೆ, ಯಾರನ್ನು ಬರೆಯುವುದಿಲ್ಲ ಎಂಬ ಪ್ರಶ್ನೆ ಅಷ್ಟರಿಂದಲೇ ಎದ್ದು ನಿಲ್ಲುತ್ತದೆ. ಡಬ್ಬಿಯವರೇ, ಆ ಶಾಲೆಯ ಹುಡುಗಿಯರು ಯಾರು ಎಂದು ನೀವು ಹೇಳಿಯೇ ಇಲ್ಲ.

ಇನ್ನೊಂದು ತಮಾಷೆ. ನೆಪೋಲಿಯನ್ ನಿಜವಾಗಿ ಆಲ್ಪ್ಸ್ ದಾಟಿದ್ದು ಹೇಸರಗತ್ತೆಯ ಮೇಲೆ. ದೆಲರೋಶ್ ಎಂಬ ಇನ್ನೊಬ್ಬ ಫ್ರೆಂಚ್ ಕಲಾವಿದ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೇಸರಗತ್ತೆಯನ್ನೇ ಬರೆದು ಲೆಕ್ಕ ಚುಕ್ತಾ ಮಾಡಿದ.

ಕೆಂಪು ಇಟ್ಟಿಗೆ (ಬೆಂಗಳೂರು)

ಬೆಂಗಳೂರಿನ ಪುಷ್ಪಮಾಲಾ ಎನ್. ಹೆಸರು ಇನ್ನೂ ಬಂದಿಲ್ಲವೆಂದರೆ ಆಶ್ಚರ್ಯ. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಅವರು ಮಾಡಿದ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಇದ್ದಾಳೆ, ಬೆಳದಿಂಗಳಿನ ಹೆಂಗಸೂ ಇದ್ದಾಳೆ, ಕೊಳದಿಂದ ನೀರು ತರುವವಳೂ ಇದ್ದಾಳೆ. ಎಲ್ಲರೂ ಪುಷ್ಪಮಾಲಾ ಅವರೇ. ಪರದೆ ಬರೆಸಿ, ಸೀರೆ ಒಡವೆ ಹೊಂದಿಸಿ, ತಾವೇ ಆ ಭಂಗಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡದ್ದು.

ನನಗೆ ಇವರಲ್ಲಿ ಇಷ್ಟವಾದದ್ದು ಯೋಗಿನಿ. ಬಿಜಾಪುರದ ಆದಿಲ್‌ಶಾಹಿ ಕಾಲದ ಯೋಗಿನಿ ಚಿತ್ರಗಳು ನಿಮಗೆ ಗೊತ್ತಿರಬಹುದು, ಮೈನಾ ಹಕ್ಕಿ ಹಿಡಿದು ನಿಂತ ಯೋಗಿನಿ ಈಗ ಡಬ್ಲಿನ್‌ನಲ್ಲಿದ್ದಾಳೆ. ನಮ್ಮ ನಾಡಿನ ಇಷ್ಟು ದೊಡ್ಡ ಚಿತ್ರಪರಂಪರೆಯನ್ನು ನಾವು ಕ್ಯಾಲೆಂಡರಿನಲ್ಲೂ ನೋಡುವುದಿಲ್ಲ. ಅದನ್ನು ರವಿವರ್ಮನ ಲಕ್ಷ್ಮಿಯ ಪಕ್ಕಕ್ಕೆ, ಪೊಲೀಸರು ಹಿಡಿದ ಸರಗಳ್ಳಿಯರ ಪತ್ರಿಕಾ ಫೋಟೊ ಪಕ್ಕಕ್ಕೆ ತಂದು ನಿಲ್ಲಿಸಿದ್ದು ಪುಷ್ಪಮಾಲಾ. ಒಬ್ಬಳೇ ಹೆಂಗಸು ದೇವಿಯಾಗಿ, ಸನ್ಯಾಸಿನಿಯಾಗಿ, ಕಳ್ಳಿಯಾಗಿ ನಿಂತಾಗ ನಮ್ಮ ಕಣ್ಣು ಹೆಂಗಸರನ್ನು ಎಷ್ಟು ಸುಲಭವಾಗಿ ವಿಂಗಡಿಸಿ ಇಡುತ್ತದೆ ಎಂಬುದು ಗೊತ್ತಾಗುತ್ತದೆ.

ಮುಂದೆ ಅವರು ವಾಸ್ಕೊ ಡ ಗಾಮನೂ ಆದರು. ಪೋರ್ಚುಗಲ್‌ನ ಸಲ್ಗಾದೊ 1898ರಲ್ಲಿ ಬರೆದ, ಗಾಮ ಕಲ್ಲಿಕೋಟೆಯ ದೊರೆ ಸಾಮೂದಿರಿಯ ಮುಂದೆ ನಿಂತ ಚಿತ್ರವನ್ನು 2014ರ ಕೊಚ್ಚಿ ಬಿಯೆನಾಲೆ ಕಲಾಮೇಳಕ್ಕೆ ಮರುಸೃಷ್ಟಿಸಿದರು, ತಾವೇ ಗಾಮನ ವೇಷ ಹಾಕಿ.

ನೇರ ಮಾತು

ಇದನ್ನೇ 2020ರಲ್ಲಿ ದಕ್ಷಿಣದ ಸಿನಿಮಾ ನಟಿಯರು ರವಿವರ್ಮನ ಚಿತ್ರಗಳ ಹಾಗೆ ಸಿಂಗರಿಸಿಕೊಂಡು ಕ್ಯಾಲೆಂಡರ್ ಮಾಡಿದರು. ಅದೇ ವರ್ಷ ಲಾಕ್‌ಡೌನ್ ಹೊತ್ತಿಗೆ ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂ ಕರೆ ಕೊಟ್ಟಿತೆಂದು ಲೋಕವೆಲ್ಲ ದುಪ್ಪಟಿ ಸುತ್ತಿಕೊಂಡು ಹಳೆಯ ಚಿತ್ರಗಳ ವೇಷ ಹಾಕಿತು. ಅದೂ ಕಲೆಯೇ?

ಕೆಂಪು ಇಟ್ಟಿಗೆ (ಬೆಂಗಳೂರು)

ಕ್ಯಾಲೆಂಡರ್ ಚೆನ್ನಾಗಿತ್ತು, ಒಳ್ಳೆಯ ಕೆಲಸಕ್ಕಾಗಿ ಮಾಡಿದ್ದು, ಬೆಳಕಿನ ಕೆಲಸ ನೋಡುವಂತಿತ್ತು. ಆದರೆ ಅದು ರವಿವರ್ಮನಿಗೆ ಹಾಕಿದ ಹಾರ. ಆ ಹೆಂಗಸು ಅಲ್ಲಿ ಯಾಕೆ ಹಾಗೆ ನಿಂತಿದ್ದಾಳೆ ಎಂದು ಅದು ಕೇಳುವುದಿಲ್ಲ, ಪುಷ್ಪಮಾಲಾ ಕೇಳುತ್ತಾರೆ. ಗೆಟ್ಟಿಯದು ಜನ ಮನೆಯೊಳಗೆ ಕುಳಿತು ಮಾಡಿದ ಖುಷಿ, ಅದಕ್ಕೇಕೆ ಸಿಡುಕುತ್ತೀರಿ?

ಗೆಸ್ಸೋ ಗೆರೆ (ಮೈಸೂರು)

ಮೈಸೂರು ಶೈಲಿಯ ಚಿತ್ರ ಬರೆಯುವವನು ನಾನು. ಇಲ್ಲಿ ‘ಸ್ವಂತದ್ದು, ನಕಲು’ ಎಂದು ಇಷ್ಟು ಹೊಡೆದಾಟ ಯಾಕೆಂದು ನನಗೆ ಅರ್ಥವಾಗುತ್ತಿಲ್ಲ. ಶ್ರೀರಾಮ ಪಟ್ಟಾಭಿಷೇಕದ ಚಿತ್ರವನ್ನು ಮೊದಲು ಬರೆದವರು ಯಾರು? ಯಾರಿಗೂ ಬೇಕಿಲ್ಲ. ರಾಮ ಎಲ್ಲಿ, ಹನುಮ ಎಲ್ಲಿ, ಕೊಡೆ ಹಿಡಿದವನು ಯಾವ ಬದಿ ಎಂಬುದು ನಿಂತುಹೋಗಿದೆ. ನಮ್ಮ ಕೈಚಳಕವೆಲ್ಲ ಗೆರೆಯಲ್ಲಿ, ಗೆಸ್ಸೋದಲ್ಲಿ, ಅಂದರೆ ಚಿನ್ನದ ಕೆಳಗೆ ಉಬ್ಬು ಬರಲು ಹಚ್ಚುವ ಸರಿಯಲ್ಲಿ. ತಂಜಾವೂರಿನವರ ಹಾಗೆ ದಪ್ಪ ಉಬ್ಬು, ಕಲ್ಲು ನಮ್ಮಲ್ಲಿಲ್ಲ. ಅಂಚಿಗೆ ಎಳೆಯುವ ಉಬ್ಬು ಗೆರೆ ಎಷ್ಟು ತೆಳು ಎಂದರೆ ಬೆರಳು ಆಡಿಸಿದರೆ ಮಾತ್ರ ತಿಳಿಯಬೇಕು. ಅದರ ಮೇಲೆ ಚಿನ್ನದ ರೇಕು ಕೂತಾಗ ಒಬ್ಬನ ಕೈ ಇನ್ನೊಬ್ಬನ ಕೈಯಲ್ಲ ಎಂದು ಬಲ್ಲವರು ಹೇಳುತ್ತಾರೆ. ಕೈ ಬೇರೆಯಾದರೆ ಸಾಕು, ಚಿತ್ರ ಬೇರೆಯೇ.

ಬಳಪದ ಮೇಷ್ಟ್ರು (ಧಾರವಾಡ)

ಗೆಸ್ಸೋ ಅವರೇ, ನಿಮ್ಮ ಮಾತು ಪರಂಪರೆಯ ಚಿತ್ರಕ್ಕೆ ಸರಿ. ರವಿವರ್ಮ ಆ ಮನೆಯವನಲ್ಲ. ಅವನು ಮಾದರಿಯನ್ನು ಎದುರಿಗೆ ಕೂರಿಸಿಕೊಂಡು, ತೈಲದಲ್ಲಿ ಮೈಯ ನೆರಳು ಬೆಳಕು ತಂದು, ಕೆಳಗೆ ಹೆಸರು ಬರೆದವನು. ಹೆಸರು ಬರೆದ ಚಿತ್ರವನ್ನು ಮತ್ತೊಬ್ಬ ಎತ್ತಿಕೊಂಡಾಗ ಲೆಕ್ಕ ಬೇರೆ. ಅಲ್ಲಿ ಕೈ ಬೇರೆಯಾದರೆ ಸಾಲದು, ಮಾತು ಬೇರೆಯಾಗಬೇಕು. ಪ್ಯಾರಿಸ್‌ನ ಲೂವ್ರ್‌ನಲ್ಲಿ ಇಂದಿಗೂ ಕಲಾವಿದರು ಪರವಾನಗಿ ಪಡೆದು ಚಿತ್ರದ ಮುಂದೆಯೇ ಈಸಲ್ ಇಟ್ಟು ನಕಲು ಮಾಡುತ್ತಾರೆ. ಷರತ್ತು ಏನೆಂದರೆ ಅಳತೆ ಮೂಲದಷ್ಟೇ ಇರಬಾರದು, ಮೂಲದ ಸಹಿ ಬರೆಯಬಾರದು. ಅದು ಕಲಿಕೆ, ಬಹಳ ಒಳ್ಳೆಯ ಕಲಿಕೆ. ಆದರೆ ಮನೆಗೆ ಕೊಂಡುಹೋದ ಆ ನಕಲನ್ನು ಅವರಾರೂ ತಮ್ಮ ಆವೃತ್ತಿ ಎನ್ನುವುದಿಲ್ಲ.

ಘಾಟ್‌ಕೋಪರ್ ಕನ್ನಡತಿ (ಮುಂಬೈ)

ಹೆಸರೇ ಇಲ್ಲದವರ ಆವೃತ್ತಿಗಳೂ ಇವೆ ಮೇಷ್ಟ್ರೇ. ರವಿವರ್ಮನ ಅಚ್ಚಿನ ಚಿತ್ರಗಳು ಮನೆಮನೆಗೆ ಬಂದ ಮೇಲೆ ಹೆಂಗಸರು ಅವುಗಳಿಗೆ ಬಟ್ಟೆ ಹೊಲಿದು ಅಂಟಿಸುತ್ತಿದ್ದರು. ನಮ್ಮ ಅಜ್ಜಿಯ ಮನೆಯ ಲಕ್ಷ್ಮಿಗೆ ನಿಜವಾದ ಜರಿಯ ಸೀರೆ. ಬಾರ್ಡರಿನ ತುಂಡು ಕತ್ತರಿಸಿ ನೆರಿಗೆ ಕೂರುವ ಹಾಗೆ ಹಚ್ಚಿದ್ದರು, ಕಿರೀಟಕ್ಕೆ ಚಮಕಿ, ಕೊರಳಿಗೆ ಮಣಿ. ಮುಖ ಮತ್ತು ಕೈಗಳು ಮಾತ್ರ ಕಾಗದದವು, ಮಿಕ್ಕದ್ದೆಲ್ಲ ಬಟ್ಟೆ. ಗಾಜು ಹಾಕುವಾಗ ಉಬ್ಬು ಒತ್ತಬಾರದೆಂದು ಚೌಕಟ್ಟಿನ ಒಳಗೆ ಸುತ್ತ ಮರದ ಪಟ್ಟಿ ಕೊಡಿಸಿದ್ದರು. ಇಂಥವು ಈಗ ಸಂಗ್ರಾಹಕರ ಕೈಯಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತವೆ. ರವಿವರ್ಮ ಲಕ್ಷ್ಮಿಗೆ ಸೀರೆ ಬರೆದ, ಇವರು ಉಡಿಸಿದರು. ಮಾತು ಬೇರೆಯಾಯಿತೋ ಇಲ್ಲವೋ ನೀವೇ ಹೇಳಿ.

ನೇರ ಮಾತು

ಇದೊಂದನ್ನು ಒಪ್ಪುತ್ತೇನೆ. ಅಜ್ಜಿ ಯಾರ ಹತ್ತಿರವೂ ಮುಂಗಡ ತೆಗೆದುಕೊಂಡಿರಲಿಲ್ಲ.

ವಕೀಲೆ (ಶಿವಮೊಗ್ಗ)

ಕಾನೂನಿನ ಪ್ರಶ್ನೆ ಹಾಗೆಯೇ ಉಳಿದಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಚಿತ್ರಕ್ಕೆ ರಕ್ಷಣೆ ಇರುವುದು ಕಲಾವಿದರ ಜೀವಿತಾವಧಿ ಮತ್ತು ಸತ್ತ ಮುಂದಿನ ಕ್ಯಾಲೆಂಡರ್ ವರ್ಷದ ಆರಂಭದಿಂದ 60 ವರ್ಷ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಎಂದೋ ಮುಗಿದಿದೆ. ಅಮೃತಾ ಶೇರ್‌ಗಿಲ್ 1941, ಅದೂ ಮುಗಿದಿದೆ. ಪಿಕಾಸೊ 1973, ಆದ್ದರಿಂದ 2033ರ ಕೊನೆಯವರೆಗೆ ಕೈ ಹಾಕುವ ಮುಂಚೆ ಯೋಚಿಸಿ. ಜಾಮಿನಿ ರಾಯ್ 1972, ಒಂದು ವರ್ಷ ಮೊದಲು ಮುಗಿಯುತ್ತದೆ.

ರವಿವರ್ಮನ ಮೂಲ ಚಿತ್ರಗಳು 1979ರಿಂದ ಕಲಾ ನಿಧಿ ಎಂದು ಘೋಷಿತವಾಗಿವೆ, ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಚಿತ್ರಕ್ಕೆ ಅದು ತಾಗುವುದಿಲ್ಲ. ನೀವು ಗಮನಿಸಬೇಕಾದ್ದು ಎರಡು. ನಿಮ್ಮ ಸಹಿ ಮಾಡಿ, ರವಿವರ್ಮನದನ್ನು ಮಾಡಬೇಡಿ. ಹಾಗೆ ಮಾಡಿದ ಚಿತ್ರ ಮುಂದೆ ಮೂರನೆಯವರ ಕೈ ಸೇರಿದರೆ ವಂಚನೆಯ ಮಾತು ಬರುತ್ತದೆ. ಮತ್ತೆ, ವಿದ್ಯಾರ್ಥಿನಿಯರಲ್ಲಿ ಚಿಕ್ಕವರಿದ್ದರೆ ತಂದೆ ತಾಯಿಯ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯಿರಿ. ಶಾಲೆ ಪಡೆದಿದೆ ಎಂಬ ಬಾಯಿಮಾತು ಸಾಲದು.

ಬಣ್ಣದ ಡಬ್ಬಿ (ಮೈಸೂರು)

ವಕೀಲ ಮೇಡಂಗೆ ಧನ್ಯವಾದ. ಒಪ್ಪಿಗೆ ಪತ್ರ ಇಂದೇ ಬರೆಸುತ್ತೇನೆ.

ಹಡ್ಸನ್ ಅವರ ಪ್ರಶ್ನೆಗೆ ಉತ್ತರ. ಸಂಜೆ ಹೊತ್ತು ಉಚಿತವಾಗಿ ನಡೆಯುವ ತರಗತಿಯ ಹುಡುಗಿಯರು. ಹೆಚ್ಚಿನವರ ಮನೆಯಲ್ಲಿ ಮೊದಲ ಬಾರಿಗೆ ಶಾಸ್ತ್ರೀಯ ಸಂಗೀತ ಕಲಿಯುತ್ತಿರುವವರು ಇವರೇ. ಒಬ್ಬಳ ತಾಯಿ ಅದೇ ಸಭಾಂಗಣದ ಕಸ ಗುಡಿಸುತ್ತಾರೆ. ಅರಮನೆಯ ಚಿತ್ರದ ಜಾಗದಲ್ಲಿ ಈ ಹುಡುಗಿಯರು ಎಂದಾಗ ಮುಖ ಬದಲಿಸುವುದು ಕಟೌಟಿನ ಕೆಲಸವಲ್ಲ ಎನ್ನಿಸತೊಡಗಿದೆ.

ಹೀಗೆ ಯೋಚಿಸಿದ್ದೇನೆ. ಹನ್ನೊಂದು ಮಂದಿಯ ಜಾಗ, ಕುಳಿತವರು ನಿಂತವರ ಏರಿಳಿತ, ಎಡದಿಂದ ಬರುವ ಬೆಳಕು ಉಳಿಯುತ್ತವೆ. ಅರಮನೆಯ ಹಿನ್ನೆಲೆ ಹೋಗಿ ಆ ಸಭಾಂಗಣದ ಹಸಿರು ಗೋಡೆ, ಸ್ವಿಚ್ ಬೋರ್ಡ್ ಬರುತ್ತವೆ. ರೇಷ್ಮೆ ಇಲ್ಲ, ಅವರು ತರಗತಿಗೆ ಹಾಕಿಕೊಂಡು ಬರುವ ಚೂಡಿದಾರವೇ. ಪ್ರಾಂತಕ್ಕೊಂದು ಉಡುಪು ಎಂಬ ಲೆಕ್ಕ ಬಿಟ್ಟೆ. ಟೋಪಿಯ ಮಹಿಳೆಯ ಜಾಗದಲ್ಲಿ ಗುಡಿಸುವ ತಾಯಿಯನ್ನು ನಿಲ್ಲಿಸುವ ಆಸೆಯಿದೆ, ಆಕೆಯನ್ನು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣುಗಳು. ವೀಣೆಯವಳ ಕೈಯನ್ನು ಪಿಟೀಲಿನವಳು ನೋಡುತ್ತಿದ್ದಾಳೆ, ಇಬ್ಬರನ್ನೂ ಹಾಡುವವಳು. ತಪ್ಪು ತಾಳ ಹಾಕಿದ ಒಬ್ಬ ಚಿಕ್ಕವಳು ಪಕ್ಕದವಳ ತೊಡೆಯ ಮೇಲಿನ ಕೈ ಕದ್ದು ನೋಡುತ್ತಿದ್ದಾಳೆ.

ಶಾಲೆಯವರಿಗೆ ಪೆನ್ಸಿಲ್ ಕರಡು ತೋರಿಸಿದೆ. ಅಧ್ಯಕ್ಷರು ‘ರೇಷ್ಮೆ ಸೀರೆ ಇಲ್ಲವೇ?’ ಎಂದು ಒಂದಲ್ಲ ಎರಡು ಸಲ ಕೇಳಿದರು. ಟೀಚರ್‌ಗಳು ಪರವಾಗಿಲ್ಲ ಎಂದರು. ಸ್ವಿಚ್ ಬೋರ್ಡ್ ಬಗ್ಗೆ ಇನ್ನೂ ಜಗಳವಿದೆ.

ಗೆಸ್ಸೋ ಗೆರೆ (ಮೈಸೂರು)

ಸ್ವಿಚ್ ಬೋರ್ಡ್ ಬಿಟ್ಟುಕೊಡಬೇಡಿ. ಬೇಕಾದರೆ ಅದರ ಬದಲು ಸೀರೆಯಲ್ಲಿ ರಾಜಿಯಾಗಿ, ಹಾಡುವ ಟೀಚರಿಗೆ ಮಾತ್ರ ರೇಷ್ಮೆ ಕೊಡಿ. ಮತ್ತೆ, ತೈಲಚಿತ್ರ ಒಣಗುವ ಮುಂಚೆ ಉದ್ಘಾಟನೆಯ ಅವಸರಕ್ಕೆ ವಾರ್ನಿಷ್ ಹೊಡೆಯಬೇಡಿ. ಬಣ್ಣ ದಪ್ಪವಿದ್ದ ಕಡೆ ಕನಿಷ್ಠ ಆರು ತಿಂಗಳು ಕಾಯಬೇಕು. ಅಗಸೆ ಎಣ್ಣೆಯನ್ನು ಕೆಳಪದರಕ್ಕೆ ಕಡಿಮೆ, ಮೇಲಿನ ಪದರಗಳಿಗೆ ಹೆಚ್ಚು ಹಾಕಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ನಿಮಗೆ ಗೊತ್ತಿರುವುದೇ, ಹೊಸಬರು ಓದುತ್ತಿದ್ದಾರೆಂದು ಬರೆದೆ.

ಹೊಸಬ

ಓದುತ್ತಿದ್ದೇನೆ ಸರ್. ಕರಡು ಇಲ್ಲಿ ಹಾಕಿ, ನೋಡೋಣ.

ವಕೀಲೆ (ಶಿವಮೊಗ್ಗ)

ಒಪ್ಪಿಗೆ ಪತ್ರ ಬರುವವರೆಗೆ ಕರಡು ಇಲ್ಲಿ ಹಾಕಬೇಡಿ.

ನೇರ ಮಾತು

ನನ್ನ ಅಭಿಪ್ರಾಯ ಬದಲಾಗಿಲ್ಲ. ರವಿವರ್ಮನ ಹೆಸರು ತೆಗೆದು ಇದನ್ನೇ ಸ್ವತಂತ್ರ ಚಿತ್ರವಾಗಿ ಬರೆದರೆ ಇನ್ನೂ ಚೆನ್ನಾಗಿರುತ್ತದೆ. ಆದರೆ ಬರೆಯುವುದೇ ಆದರೆ ವಾದ್ಯಗಳನ್ನಾದರೂ ಸರಿಯಾಗಿ ಬರೆಯಿರಿ. ನಾನು ಪಿಟೀಲು ಕಲಿಸುವವನು, ಚಿತ್ರಕಾರರ ಪಿಟೀಲು ನೋಡಿ ನೋಡಿ ಸಾಕಾಗಿದೆ. ನಮ್ಮ ಹುಡುಗಿಯರು ನಿಂತು ಗಲ್ಲಕ್ಕೆ ಒತ್ತಿ ನುಡಿಸುವುದಿಲ್ಲ. ಚಕ್ಕಳಮಕ್ಕಳ ಕೂತಾಗ ಪಿಟೀಲಿನ ಸುರುಳಿ ತುದಿ ಬಲಗಾಲಿನ ಹರಡಿನ ಮೇಲೆ ಕೂರಬೇಕು, ಇನ್ನೊಂದು ತುದಿ ಎಡಭುಜದ ಕೆಳಗೆ ಎದೆಗೆ ಒತ್ತಿರಬೇಕು. ಎಡಗೈ ವಾದ್ಯದ ಭಾರ ಹೊರುವುದಿಲ್ಲ, ಅದಕ್ಕೆ ಮಣಿಕಟ್ಟು ಸಡಿಲವಾಗಿರುತ್ತದೆ. ವೀಣೆಗೆ 24 ಮೆಟ್ಟಿಲು, ಎಣಿಸಿ ಬರೆಯಿರಿ. ಮೂರು ತಾಳದ ತಂತಿಗಳು ಪಕ್ಕದಲ್ಲಿ ಬರುತ್ತವೆ, ಮೆಟ್ಟಿಲಿನ ಮೇಲಲ್ಲ. ಪಿಟೀಲಿನವಳು ವೀಣೆಯವಳ ಕೈ ನೋಡುತ್ತಿದ್ದಾಳೆ ಎಂದಿರಲ್ಲ, ಯಾವ ಕೈ? ಎಡಗೈ ನೋಡಲಿ. ಗಮಕ ಇರುವುದು ಅಲ್ಲಿ.